ಒಂದೇ ಮೈಯಲ್ಲಿ ಎರಡು ಕಂಪ್ಯೂಟರ್: ತೆಳು ಗೇಮಿಂಗ್ ಲ್ಯಾಪ್‌ಟಾಪನ್ನು ದಿನಬಳಕೆಗೆ ಪಳಗಿಸುವ ಬಗೆ

ತೆಳು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡು ಅದನ್ನೇ ಆಫೀಸಿಗೂ ಕಾಲೇಜಿಗೂ ಹೊತ್ತೊಯ್ಯುವವರ ದೂರುಗಳು ಮೂರು. ಡಬ್ಬಿಯ ಮೇಲೆ ಎಂಟು ಹತ್ತು ಗಂಟೆ ಬ್ಯಾಟರಿ ಅಂತ ಇತ್ತು, ನಾಲ್ಕು ಗಂಟೆಗೇ ಕೈಕೊಡುತ್ತದೆ. ಬ್ರೌಸರಿನಲ್ಲಿ ಎರಡು ಟ್ಯಾಬ್ ತೆರೆದರೂ ಫ್ಯಾನ್ ಮಿಕ್ಸಿಯ ಹಾಗೆ ಸದ್ದು ಮಾಡುತ್ತದೆ. ಬ್ಯಾಗಿನಿಂದ ಹೊರತೆಗೆದರೆ ಈಗಷ್ಟೇ ಒಲೆಯಿಂದ ಇಳಿಸಿದ ತವಾದಷ್ಟು ಬಿಸಿ. ಮೂರಕ್ಕೂ ಬೇರು ಹೆಚ್ಚುಕಡಿಮೆ ಒಂದೇ.

ಈ ಮೆಷಿನ್ನಿನ ಹೊಟ್ಟೆಯಲ್ಲಿ ಎರಡು ಕಂಪ್ಯೂಟರ್ ಇವೆ. ಒಂದು, ಪ್ರೊಸೆಸರಿನೊಳಗೇ ಇರುವ ಪುಟ್ಟ ಗ್ರಾಫಿಕ್ಸ್ ನಂಬಿ ನಡೆಯುವ ಮಿತವ್ಯಯಿ. ಪರದೆ, ವೈಫೈ ಎಲ್ಲ ಸೇರಿ 8ರಿಂದ 10 ವಾಟ್‌ನಲ್ಲಿ ಅದರ ಸಂಸಾರ ನಡೆಯುತ್ತದೆ. ಇನ್ನೊಂದು, ಬೇರೆ ಗ್ರಾಫಿಕ್ಸ್ ಚಿಪ್ ಇರುವ ದೈತ್ಯ. ಆಟ ಶುರುವಾದರೆ ನೂರು ವಾಟ್ ದಾಟಿಸುತ್ತದೆ. ಇಬ್ಬರಿಗೂ ಒಂದೇ ಬ್ಯಾಟರಿ, ಒಂದೇ ಜೊತೆ ಫ್ಯಾನ್. ದೈತ್ಯ ಕೆಲಸವಿಲ್ಲದಾಗಲೂ ಎದ್ದು ಕೂತಿದ್ದರೆ ಮೇಲಿನ ದೂರುಗಳೆಲ್ಲ ಸಾಲಾಗಿ ಬರುತ್ತವೆ. ದಿನಬಳಕೆಯ ಗುಟ್ಟೆಂದರೆ ಅದನ್ನು ಮಲಗಿಸುವುದು, ಬೇಕಾದಾಗ ಎಬ್ಬಿಸುವುದು.

ಉದಾಹರಣೆಗೆ ಇಲ್ಲಿ ಏಸಸ್ ಕಂಪನಿಯ ಆರ್‌ಒಜಿ ಜೆಫೈರಸ್ ಜಿ14 ಇಟ್ಟುಕೊಳ್ಳೋಣ. 2020ರಲ್ಲಿ ಬಂದ ಇದರ ಮೊದಲ ಮಾದರಿಯಲ್ಲಿ ಎಎಂಡಿ ರೈಜನ್ 9 4900ಎಚ್‌ಎಸ್ ಪ್ರೊಸೆಸರ್, ಎನ್ವಿಡಿಯಾ ಆರ್‌ಟಿಎಕ್ಸ್ 2060 ಮ್ಯಾಕ್ಸ್-ಕ್ಯೂ ಗ್ರಾಫಿಕ್ಸ್ ಚಿಪ್, 76 ವಾಟ್-ಅವರ್ ಬ್ಯಾಟರಿ, 180 ವಾಟ್ ಚಾರ್ಜರ್ ಇದ್ದವು. ತೂಕ ಒಂದೂ ಮುಕ್ಕಾಲು ಕೆಜಿಯ ಒಳಗೆ. ಲೀಜನ್ ಸ್ಲಿಮ್, ರೇಜರ್ ಬ್ಲೇಡ್, ಎಚ್‌ಪಿ ಒಮೆನ್‌ನ ತೆಳು ಮಾದರಿಗಳು ಯಾವುದೇ ಇರಲಿ, ಬಟನ್ನುಗಳ ಹೆಸರು ಬೇರೆ, ಲೆಕ್ಕ ಇದೇ.

ದೈತ್ಯ ಎದ್ದಿದೆಯೋ ಮಲಗಿದೆಯೋ

ಮೊದಲು ಅಳತೆ. ಚಾರ್ಜರ್ ಕಿತ್ತು, ಬೆಳಕು 40 ಶೇಕಡಕ್ಕೆ ಇಳಿಸಿ, ಬ್ರೌಸರಿನಲ್ಲಿ ಒಂದು ಸಾದಾ ಪುಟ ತೆರೆದು ಐದು ನಿಮಿಷ ಬಿಡಿ. ಬ್ಯಾಟರಿಇನ್ಫೋವ್ಯೂ ಎಂಬ ಪುಟ್ಟ ಉಚಿತ ತಂತ್ರಾಂಶ ಬ್ಯಾಟರಿಯಿಂದ ಎಷ್ಟು ಮಿಲಿವಾಟ್ ಹೊರಗೆ ಹೋಗುತ್ತಿದೆ ಅಂತ ತೋರಿಸುತ್ತದೆ. 8,000ದಿಂದ 10,000 ಇದ್ದರೆ ಸರಿ. 15,000ದಿಂದ 20,000 ಇದ್ದರೆ ಗ್ರಾಫಿಕ್ಸ್ ಚಿಪ್ ಎಚ್ಚರವಾಗಿರುವ ಸಾಧ್ಯತೆಯೇ ಹೆಚ್ಚು. 76 ವಾಟ್-ಅವರನ್ನು 9ರಿಂದ ಭಾಗಿಸಿದರೆ ಎಂಟೂವರೆ ಗಂಟೆ ಹತ್ತಿರ, 18ರಿಂದ ಭಾಗಿಸಿದರೆ ನಾಲ್ಕು ಗಂಟೆ ಚಿಲ್ಲರೆ. ಡಬ್ಬಿಯ ಮಾತಿಗೂ ಕೈಗೆ ಸಿಕ್ಕಿದ್ದಕ್ಕೂ ಇರುವ ಅಂತರ ಬಹುಪಾಲು ಈ ಭಾಗಾಕಾರದಲ್ಲೇ ಇದೆ.

ಅಳೆಯುವಾಗ ಒಂದು ಎಚ್ಚರ. ಉಷ್ಣತೆ, ಫ್ರೇಮ್ ಎಣಿಕೆ ತೋರಿಸುವ ತಂತ್ರಾಂಶಗಳು, ಉದಾಹರಣೆಗೆ ಎಂಎಸ್‌ಐ ಆಫ್ಟರ್‌ಬರ್ನರ್, ಪ್ರತಿ ಸೆಕೆಂಡಿಗೂ ಗ್ರಾಫಿಕ್ಸ್ ಚಿಪ್ಪನ್ನು "ಹೇಗಿದ್ದೀಯ" ಅಂತ ವಿಚಾರಿಸುತ್ತವೆ. ವಿಚಾರಿಸಿದಾಗಲೆಲ್ಲ ಅದು ಏಳುತ್ತದೆ. ಎಚ್‌ಡಬ್ಲ್ಯುಇನ್ಫೋ ಎಂಬ ಅಂಥದ್ದೇ ತಂತ್ರಾಂಶ ಬಳಸುವವರು ಅದರ ಗ್ರಾಫಿಕ್ಸ್ ಸೆನ್ಸರುಗಳನ್ನು ಆಫ್ ಮಾಡಿ ನೋಡಬೇಕು. ಥರ್ಮಾಮೀಟರ್ ಇಟ್ಟಿದ್ದಕ್ಕೇ ಜ್ವರ ಬಂದಂತಾಗಬಾರದಲ್ಲ.

ಎಬ್ಬಿಸುತ್ತಿರುವವರು ಯಾರು ಅಂತ ತಿಳಿಯಲು ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು, ಮೇಲಿನ ಡೆಸ್ಕ್‌ಟಾಪ್ ಮೆನುವಿನಲ್ಲಿ ಜಿಪಿಯು ಆ್ಯಕ್ಟಿವಿಟಿ ಐಕಾನ್ ತೋರಿಸುವ ಆಯ್ಕೆಗೆ ಟಿಕ್ ಹಾಕಿ. ಗಡಿಯಾರದ ಪಕ್ಕ ಒಂದು ಚಿಕ್ಕ ಐಕಾನ್ ಬರುತ್ತದೆ. ಬಣ್ಣ ತುಂಬಿದ್ದರೆ ಚಿಪ್ ಎದ್ದಿದೆ ಅಂತ ಅರ್ಥ. ಅದನ್ನು ಒತ್ತಿದರೆ ಯಾವ ತಂತ್ರಾಂಶ ಹಿಡಿದುಕೊಂಡಿದೆ ಎಂಬ ಪಟ್ಟಿ. ಸಾಮಾನ್ಯವಾಗಿ ಸಿಕ್ಕಿಬೀಳುವವರು ಚಲಿಸುವ ವಾಲ್‌ಪೇಪರ್, ಕೀಬೋರ್ಡ್ ಬಣ್ಣ ಬದಲಿಸುವ ತಂತ್ರಾಂಶ, ತಾನಾಗಿ ಶುರುವಾಗುವ ಗೇಮ್ ಲಾಂಚರುಗಳು, ಚಾಟ್ ಆ್ಯಪುಗಳು, ಫೋಟೊ ತಿದ್ದುವ ತಂತ್ರಾಂಶ ಹಿನ್ನೆಲೆಯಲ್ಲಿ ಬಿಟ್ಟುಹೋದ ಬಾಲಗಳು.

ಹಿಡಿದ ಮೇಲೆ ಮಾಡುವುದು ಇಷ್ಟು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರೊಳಗೆ ಗ್ರಾಫಿಕ್ಸ್. ಪಟ್ಟಿಯಲ್ಲಿ ಆ ತಂತ್ರಾಂಶ ಇಲ್ಲದಿದ್ದರೆ ಬ್ರೌಸ್ ಒತ್ತಿ ಸೇರಿಸಿ, ಆಯ್ಕೆಯಲ್ಲಿ ಪವರ್ ಸೇವಿಂಗ್ ಕೊಡಿ. ತಂತ್ರಾಂಶವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯುವವರೆಗೆ ಬದಲಾವಣೆ ಜಾರಿಗೆ ಬರುವುದಿಲ್ಲ. ಇದನ್ನು ಮರೆತು "ಪ್ರಯೋಜನವಾಗಲಿಲ್ಲ" ಅನ್ನುವವರು ಬಹಳ. ಬ್ರೌಸರು, ಆಫೀಸ್ ತಂತ್ರಾಂಶ, ವಿಡಿಯೊ ಕಾಲ್ ಆ್ಯಪ್, ಸಂಗೀತದ ಆ್ಯಪ್ ಎಲ್ಲವನ್ನೂ ಮೊದಲ ದಿನವೇ ಹೀಗೆ ಪುಟ್ಟ ಗ್ರಾಫಿಕ್ಸಿಗೆ ಕಟ್ಟಿಹಾಕಿ. ಆಮೇಲೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟಕ್ಕೆ ಹೋಗಿ ಲಾಂಚರುಗಳನ್ನೆಲ್ಲ ಡಿಸೇಬಲ್ ಮಾಡಿ. ಆಟ ಬೇಕಾದಾಗ ನೀವೇ ತೆರೆದರಾಯಿತು.

ಇಷ್ಟು ಸಾಲದಿದ್ದರೆ ಚಿಪ್ಪಿನ ಕರೆಂಟನ್ನೇ ಕತ್ತರಿಸುವ ಆಯ್ಕೆ ಹಲವು ಮಾದರಿಗಳಲ್ಲಿದೆ. ಏಸಸ್‌ನಲ್ಲಿ ಅದರ ಹೆಸರು ಎಕೋ ಮೋಡ್. ಏಸಸ್ ಕೊಡುವ ತಂತ್ರಾಂಶ ಆರ್ಮರಿ ಕ್ರೇಟ್‌ನಲ್ಲೂ ಸಿಗುತ್ತದೆ, ಅದಕ್ಕಿಂತ ಬಹಳ ಹಗುರವಾದ ಜಿ-ಹೆಲ್ಪರ್ ಎಂಬ ಮುಕ್ತ ತಂತ್ರಾಂಶದಲ್ಲೂ ಸಿಗುತ್ತದೆ. ದಿನಬಳಕೆಗೆ ಎರಡನೆಯದೇ ಮೇಲು. ಅದರಲ್ಲಿ ಆಪ್ಟಿಮೈಸ್ಡ್ ಆರಿಸಿದರೆ ಚಾರ್ಜರ್ ಕಿತ್ತಾಗ ದೈತ್ಯ ಮಲಗುತ್ತದೆ, ಚುಚ್ಚಿದಾಗ ಏಳುತ್ತದೆ. ಇದರಲ್ಲಿ ಎಡವುವ ಜಾಗ ಮೂರಿವೆ. ಆಟವೋ ವಿಡಿಯೊ ಎಡಿಟರೋ ತೆರೆದಿರುವಾಗಲೇ ಚಾರ್ಜರ್ ಕಿತ್ತರೆ ಆ ತಂತ್ರಾಂಶ ಬಿದ್ದುಹೋಗಬಹುದು, ಮೊದಲು ಮುಚ್ಚಿ ಆಮೇಲೆ ಕೀಳಿ. ಎಕೋದಲ್ಲಿರುವಾಗ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಹಾಕಲು ಹೋದರೆ ಹೊಂದುವ ಹಾರ್ಡ್‌ವೇರ್ ಸಿಗುತ್ತಿಲ್ಲ ಅಂತ ಬರುತ್ತದೆ, ಡಿವೈಸ್ ಮ್ಯಾನೇಜರಿನಲ್ಲೂ ಕಾರ್ಡ್ ಕಾಣುವುದಿಲ್ಲ. ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಓಡಬೇಡಿ, ಸ್ಟ್ಯಾಂಡರ್ಡ್ ಮೋಡಿಗೆ ಬಂದರೆ ಕಾರ್ಡ್ ಮರಳುತ್ತದೆ. ಮೂರನೆಯದು ಹೊರಗಿನ ಮಾನಿಟರ್.

ಹಲವು ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಪೋರ್ಟಿನ ತಂತಿ ನೇರ ದೊಡ್ಡ ಚಿಪ್ಪಿಗೆ ಹೋಗಿರುತ್ತದೆ. ಅಂಥದ್ದಕ್ಕೆ ಮಾನಿಟರ್ ಸಿಕ್ಕಿಸಿದ ಕ್ಷಣದಿಂದ ದೈತ್ಯ ಮಲಗುವ ಪ್ರಶ್ನೆಯೇ ಇಲ್ಲ. ಎಕೋ ಹಾಕಿದರೆ ಮಾನಿಟರೇ ಕಪ್ಪು. ನಿಮ್ಮ ಪೋರ್ಟ್ ಯಾವ ಕಡೆಯದು ಅಂತ ನೋಡಲು ಮಾನಿಟರ್ ಸಿಕ್ಕಿಸಿ, ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಫಿಸ್‌ಎಕ್ಸ್ ಪುಟ ತೆರೆಯಿರಿ. ಯಾವ ಪರದೆ ಯಾವ ಚಿಪ್ಪಿಗೆ ಅಂಟಿದೆ ಎಂಬ ಚಿತ್ರವೇ ಅಲ್ಲಿದೆ. ಯುಎಸ್‌ಬಿ-ಸಿ ಪೋರ್ಟುಗಳನ್ನೂ ಒಂದೊಂದಾಗಿ ಹೀಗೆ ನೋಡಿ. ಪುಟ್ಟ ಗ್ರಾಫಿಕ್ಸಿಗೆ ಸೇರಿದ ಪೋರ್ಟ್ ಸಿಕ್ಕರೆ ಮೇಜಿನ ಮಾನಿಟರನ್ನು ಕಾಯಂ ಅದಕ್ಕೇ ಹಾಕಿ. ದಿನವಿಡೀ ಕೆಲಸ ಮಾಡಿದರೂ ಫ್ಯಾನ್ ಉಸಿರೆತ್ತುವುದಿಲ್ಲ.

ಮಕ್ಸ್ ಸ್ವಿಚ್ ಇರುವ ಮಾದರಿಗಳಲ್ಲಿ, ಏಸಸ್ ಇದನ್ನು ಅಲ್ಟಿಮೇಟ್ ಅನ್ನುತ್ತದೆ, ಪರದೆಯನ್ನು ನೇರ ದೊಡ್ಡ ಚಿಪ್ಪಿಗೆ ಜೋಡಿಸಬಹುದು. ಆಟಕ್ಕೆ ಲಾಭ. ಆದರೆ ಬದಲಿಸಲು ಸಾಮಾನ್ಯವಾಗಿ ರೀಸ್ಟಾರ್ಟ್ ಬೇಕಾದ್ದರಿಂದ ಶನಿವಾರ ರಾತ್ರಿ ಹಾಕಿದ್ದು ಸೋಮವಾರವೂ ಹಾಗೇ ಉಳಿದಿರುತ್ತದೆ. ಬ್ಯಾಟರಿ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಎರಡು ಸೆಕೆಂಡಿನ ಓಟ, ಇಪ್ಪತ್ತು ಸೆಕೆಂಡಿನ ಏದುಸಿರು

ದೊಡ್ಡ ಚಿಪ್ ಮಲಗಿದ ಮೇಲೂ ಫ್ಯಾನ್ ಆಗಾಗ ಭರ್ರೆನ್ನುತ್ತಿದ್ದರೆ ಕಾರಣ ಪ್ರೊಸೆಸರಿನ ಬೂಸ್ಟ್, ಅಂದರೆ ಕೆಲಸ ಬಂದಾಗ ಮೂಲ ವೇಗ ಮೀರಿ ಓಡುವ ಗುಣ. 4900ಎಚ್‌ಎಸ್‌ನ ಮೂಲ ವೇಗ 3.0 ಗಿಗಾಹರ್ಟ್ಜ್, ಬೂಸ್ಟ್‌ನಲ್ಲಿ 4.3. ಒಂದು ಟ್ಯಾಬ್ ತೆರೆದರೂ ಅದು ಎರಡು ಸೆಕೆಂಡು ತುತ್ತತುದಿಗೆ ಓಡುತ್ತದೆ. ತೆಳು ಮೈಯಲ್ಲಿ ಬಿಸಿ ಹಿಡಿದಿಡಲು ಲೋಹ ಕಡಿಮೆ, ಹಾಗಾಗಿ ಉಷ್ಣತೆ 50ರಿಂದ 80 ಡಿಗ್ರಿಗೆ ಒಂದೇ ನೆಗೆತ. ಫ್ಯಾನ್ ಅದನ್ನು ಕಂಡು ಓಡಲು ಶುರು ಮಾಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ, ಸದ್ದು ಮಾತ್ರ ಇನ್ನಿಪ್ಪತ್ತು ಸೆಕೆಂಡು ಉಳಿಯುತ್ತದೆ.

ಮದ್ದು ಸುಲಭ. ಜಿ-ಹೆಲ್ಪರ್‌ನಲ್ಲಿ ಸಿಪಿಯು ಬೂಸ್ಟ್ ಎಂಬಲ್ಲಿ ಡಿಸೇಬಲ್ಡ್ ಆರಿಸಿ. ಬೇರೆ ಕಂಪನಿಯದಾದರೆ ಹಳೆಯ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪ್ಲಾನ್ ಬದಲಾವಣೆ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ದಾರಿಯಲ್ಲಿ ಹೋಗಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99ಕ್ಕೆ ಇಳಿಸಿ. ಒಂದು ಶೇಕಡ ಇಳಿಸಿದಂತೆ ಕಂಡರೂ ಬಹಳಷ್ಟು ಮೆಷಿನ್ನುಗಳಲ್ಲಿ ಇದು ಬೂಸ್ಟ್ ಬಾಗಿಲನ್ನೇ ಮುಚ್ಚುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ವೇಗ ಮೂಲ ಅಂಕಿಯನ್ನು ದಾಟುತ್ತಿಲ್ಲ ಅಂದರೆ ಕೆಲಸ ಆಗಿದೆ.

ಬರವಣಿಗೆ, ಇಮೇಲ್, ವಿಡಿಯೊ, ಸಾಧಾರಣ ಎಕ್ಸೆಲ್ ಶೀಟಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ದೊಡ್ಡ ಕೋಡ್ ಕಂಪೈಲ್ ಮಾಡುವವರಿಗೆ, ವಿಡಿಯೊ ರೆಂಡರ್ ಮಾಡುವವರಿಗೆ ಖಂಡಿತ ಗೊತ್ತಾಗುತ್ತದೆ, ಅವರು ಬ್ಯಾಟರಿಗೆ ಮಾತ್ರ ಇದನ್ನಿಟ್ಟು ಚಾರ್ಜರಿಗೆ ಬೂಸ್ಟ್ ಉಳಿಸಿಕೊಳ್ಳಲಿ. ವಿಚಿತ್ರವೆಂದರೆ ಕೆಲವು ಆಟಗಳೂ ಬೂಸ್ಟ್ ಇಲ್ಲದೆ ಹೆಚ್ಚು ಸ್ಥಿರವಾಗಿ ನಡೆಯುತ್ತವೆ. ಎರಡೂ ಚಿಪ್ಪುಗಳು ಒಂದೇ ತಾಮ್ರದ ಕೊಳವೆಗಳನ್ನು ಹಂಚಿಕೊಂಡಿರುವುದರಿಂದ ಪ್ರೊಸೆಸರ್ ಬಿಸಿ ಕಡಿಮೆಯಾದಷ್ಟೂ ಗ್ರಾಫಿಕ್ಸಿಗೆ ಜಾಗ ಸಿಗುತ್ತದೆ.

ಪರದೆಯ ವೇಗವನ್ನೂ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದನ್ನೂ, ಇದೇ ಕೈಯಲ್ಲಿ ಸರಿಮಾಡಿ. ಬ್ಯಾಟರಿಯಲ್ಲಿ 60 ಹರ್ಟ್ಜ್, ಚಾರ್ಜರಿನಲ್ಲಿ 120 ಅಥವಾ 165. ಜಿ-ಹೆಲ್ಪರ್‌ನಲ್ಲಿ ಆಟೊ ಅಂತಿಟ್ಟರೆ ತಾನೇ ಬದಲಿಸಿಕೊಳ್ಳುತ್ತದೆ. 2024ರಿಂದ ಜಿ14ಕ್ಕೆ ಓಲೆಡ್ ಪರದೆ, ಅಂದರೆ ಪ್ರತಿ ಚುಕ್ಕೆಯೂ ತಾನೇ ಬೆಳಗುವಂಥದ್ದು, ಬಂದಿದೆ. ದಿನಕ್ಕೆ ಎಂಟು ಗಂಟೆ ಒಂದೇ ಜಾಗದಲ್ಲಿ ನಿಲ್ಲುವ ಟಾಸ್ಕ್‌ಬಾರ್ ಅಂಥ ಪರದೆಗೆ ಒಳ್ಳೆಯದಲ್ಲ, ಅದು ಅಡಗಿಕೊಳ್ಳುವಂತೆ ಮಾಡಿ, ವಾಲ್‌ಪೇಪರ್ ಕಪ್ಪಿಡಿ.

ಚಾರ್ಜರ್ ಲೆಕ್ಕ

ಡಬ್ಬಿಯೊಂದಿಗೆ ಬರುವ 180 ಅಥವಾ 240 ವಾಟ್‌ನ ಇಟ್ಟಿಗೆ ಅರ್ಧ ಕೆಜಿಯ ಆಸುಪಾಸು ತೂಗುತ್ತದೆ. ತೆಳು ಲ್ಯಾಪ್‌ಟಾಪ್ ಕೊಂಡ ಸುಖವನ್ನೆಲ್ಲ ಅದೇ ತಿಂದುಹಾಕುತ್ತದೆ. ಅದನ್ನು ಮನೆಯ ಮೇಜಿಗೇ ಬಿಟ್ಟು ಬ್ಯಾಗಿಗೆ 65 ಅಥವಾ 100 ವಾಟ್‌ನ ಯುಎಸ್‌ಬಿ-ಸಿ ಚಾರ್ಜರ್ ಹಾಕಿಕೊಳ್ಳಿ. ಕೊಳ್ಳುವ ಮುನ್ನ ಯಾವ ಪೋರ್ಟ್ ಚಾರ್ಜ್ ತೆಗೆದುಕೊಳ್ಳುತ್ತದೆ ಅಂತ ನೋಡಿ. 2020ರ ಜಿ14ರಲ್ಲಿ ಎಡಗಡೆಯದು ಮಾತ್ರ ತೆಗೆದುಕೊಳ್ಳುತ್ತದೆ, ಬಲಗಡೆಯದು ಡೇಟಾಗಷ್ಟೇ.

ಕೇಬಲ್ಲಿನಲ್ಲೂ ಒಂದು ಸೂಕ್ಷ್ಮ. ಮಾಮೂಲಿ ಸಿ-ಟು-ಸಿ ಕೇಬಲ್ 3 ಆಂಪಿಯರ್‌ಗೆ ಮಾತ್ರ, ಅಂದರೆ 20 ವೋಲ್ಟ್‌ನಲ್ಲಿ 60 ವಾಟ್. 100 ವಾಟ್ ಹರಿಯಬೇಕಾದರೆ 5 ಆಂಪಿಯರ್‌ನ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಬೇಕು. ಮೂರು ಸಾವಿರದ ಚಾರ್ಜರಿಗೆ ಫೋನಿನ ಹಳೆ ಕೇಬಲ್ ಸಿಕ್ಕಿಸಿ "ಸ್ಲೋ ಚಾರ್ಜರ್ ಅಂತ ಬರ್ತಿದೆ" ಅಂದರೆ ತಪ್ಪು ಚಾರ್ಜರಿನದಲ್ಲ.

65 ವಾಟ್‌ನಲ್ಲಿ ಆಟ ಆಡಲು ಕೂರಬೇಡಿ. ಗ್ರಾಫಿಕ್ಸ್ ಒಂದೇ 65 ಕೇಳುತ್ತದೆ, ಪ್ರೊಸೆಸರ್ 35, ಪರದೆ ಬೇರೆ. ಕೊರತೆಯನ್ನು ಬ್ಯಾಟರಿ ತುಂಬಿಕೊಡುತ್ತದೆ. ಚಾರ್ಜರ್ ಸಿಕ್ಕಿಸಿದ್ದರೂ ಶೇಕಡ ಇಳಿಯುತ್ತಲೇ ಹೋಗುತ್ತದೆ, ಬ್ಯಾಟರಿ ಒಂದೇ ಸಮ ತುಂಬುತ್ತ ಖಾಲಿಯಾಗುತ್ತ ಸವೆಯುತ್ತದೆ. ಪವರ್‌ಬ್ಯಾಂಕ್ ಬಳಸುವವರಿಗೂ ಲೆಕ್ಕ ಸರಳ: 20,000 ಎಂಎಎಚ್ ಅಂದರೆ 3.7 ವೋಲ್ಟ್‌ನಲ್ಲಿ 74 ವಾಟ್-ಅವರ್, ದಾರಿಯಲ್ಲಿ ಸೋರಿ ಹೋಗುವುದನ್ನು ಕಳೆದರೆ ಲ್ಯಾಪ್‌ಟಾಪಿಗೆ 60ರ ಹತ್ತಿರ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100 ವಾಟ್-ಅವರ್, ಅದೂ ಕೈಚೀಲದಲ್ಲಿ.

ಮೈ ಮುಟ್ಟಿದರೆ ಜುಮ್ ಅನ್ನುವುದು

ಅಲ್ಯೂಮಿನಿಯಂ ಮೈಯ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ, ಬರಿಗಾಲಲ್ಲಿ ನೆಲದ ಮೇಲೆ ನಿಂತು, ಮಣಿಕಟ್ಟಿನ ಒಳಭಾಗವನ್ನು ಅಂಚಿಗೆ ಹಗುರವಾಗಿ ಸವರಿ. ಗರಗಸದ ಹಲ್ಲಿನ ಮೇಲೆ ಬಟ್ಟೆ ಎಳೆದ ಹಾಗೆ ಸಣ್ಣ ಕಂಪನ ಆಗುತ್ತದೆಯೇ? ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆಯೇ? ಹಾಗಿದ್ದರೆ ಅರ್ಥಿಂಗ್ ತಲುಪುತ್ತಿಲ್ಲ. ಚಾರ್ಜರಿನೊಳಗೆ ವಿದ್ಯುತ್ ಗದ್ದಲ ತಡೆಯಲು ಇರುವ ಪುಟ್ಟ ಕೆಪಾಸಿಟರುಗಳ ಮೂಲಕ ತೀರಾ ಅಲ್ಪ ಕರೆಂಟ್ ಜಿನುಗುತ್ತದೆ. ಅರ್ಥ್ ಇದ್ದರೆ ಅದು ನೆಲಕ್ಕಿಳಿಯುತ್ತದೆ, ಇಲ್ಲದಿದ್ದರೆ ನಿಮ್ಮ ಮೂಲಕ ಇಳಿಯುತ್ತದೆ. ಚಾರ್ಜರ್ ಸರಿಯಿದ್ದರೆ ಇದು ಸಾಮಾನ್ಯವಾಗಿ ಅಪಾಯ ಮಾಡುವಷ್ಟಲ್ಲ, ಆದರೆ ಸ್ಪೀಕರಿನಲ್ಲಿ ಗುಂಯ್ ಸದ್ದು, ಟಚ್‌ಪ್ಯಾಡಿನ ಹುಚ್ಚಾಟ ಎರಡಕ್ಕೂ ಇದೇ ಕಾರಣವಾಗಬಹುದು.

ಮೂರು ಪಿನ್ನಿನ ಮೂಲ ಕೇಬಲ್ಲನ್ನೇ ಬಳಸಿ. ಮೂರನ್ನು ಎರಡಾಗಿಸುವ ಅಗ್ಗದ ಅಡಾಪ್ಟರ್, ಅರ್ಥ್ ತಂತಿಯೇ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡ್ ಎರಡನ್ನೂ ತೆಗೆದುಹಾಕಿ. ನೇರ ಗೋಡೆಯ ಸಾಕೆಟ್ಟಿಗೆ ಹಾಕಿದರೂ ಜುಮ್ ಅನ್ನುತ್ತಿದ್ದರೆ ಲ್ಯಾಪ್‌ಟಾಪನ್ನು ಬಿಟ್ಟು ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಮನೆಯ ಅರ್ಥಿಂಗೇ ಸತ್ತಿರಬಹುದು, ಅದು ಗೀಸರಿಗೂ ವಾಷಿಂಗ್ ಮಷೀನಿಗೂ ಸಂಬಂಧಿಸಿದ ವಿಷಯ.

ಬ್ಯಾಟರಿಯ ಆಯಸ್ಸು

ಹೆಚ್ಚು ಹೊತ್ತು ಮೇಜಿನ ಮೇಲೇ ಚಾರ್ಜರಿನಲ್ಲಿ ಇರುವ ಮೆಷಿನ್ ಆದರೆ ಚಾರ್ಜ್ ಮಿತಿಯನ್ನು 60 ಅಥವಾ 80 ಶೇಕಡಕ್ಕೆ ನಿಲ್ಲಿಸಿ. ಲಿಥಿಯಂ ಕೋಶಗಳಿಗೆ ಪೂರ್ತಿ ತುಂಬಿದ ಹೊಟ್ಟೆ ಮತ್ತು ಕಾವು ಎರಡೂ ಒಟ್ಟಿಗೆ ಆಗಿಬರುವುದಿಲ್ಲ, ಗೇಮಿಂಗ್ ಲ್ಯಾಪ್‌ಟಾಪ್ ಕೊಡುವುದು ಆ ಎರಡನ್ನೇ. ಪ್ರಯಾಣದ ಹಿಂದಿನ ರಾತ್ರಿ 100ಕ್ಕೆ ಏರಿಸಿಕೊಳ್ಳಿ, ಬಂದ ಮೇಲೆ ಇಳಿಸಿ.

ಸವೆತ ತಿಳಿಯಲು ವಿಂಡೋಸ್‌ನಲ್ಲೇ ಪವರ್‌ಸಿಎಫ್‌ಜಿ ಎಂಬ ಆದೇಶ ಇದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಆ ಹೆಸರು, ಒಂದು ಸ್ಪೇಸ್, ಓರೆಗೆರೆ, ಆಮೇಲೆ ಬ್ಯಾಟರಿರಿಪೋರ್ಟ್ ಎಂದು ಬಿಡುವಿಲ್ಲದೆ ಟೈಪಿಸಿದರೆ ಒಂದು ವರದಿ ಕಡತ ತಯಾರಾಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ 76,000 ಇದ್ದು ಫುಲ್ ಚಾರ್ಜ್ ಕೆಪಾಸಿಟಿ 60,000ಕ್ಕೆ ಬಂದಿದ್ದರೆ ಐದನೇ ಒಂದು ಭಾಗ ಹೋಗಿದೆ ಅಂತ. ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಅಂಕಿಗಿಂತ ಮುಖ್ಯ ಕಣ್ಣು. ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗಿದೆ, ಮುಚ್ಚಿದ ಲ್ಯಾಪ್‌ಟಾಪ್ ಮೇಜಿನ ಮೇಲೆ ಓಲಾಡುತ್ತಿದೆ, ತಳದ ಮುಚ್ಚಳದ ನಡುವೆ ಉಗುರು ಹೋಗುವಷ್ಟು ಸಂದಿ ಬಿದ್ದಿದೆ ಅಂದರೆ ಬ್ಯಾಟರಿ ಉಬ್ಬಿದೆ. ಆಗ ಚಾರ್ಜ್ ಮಾಡಬೇಡಿ, ಒತ್ತಿ ಸರಿಮಾಡಲು ಹೋಗಬೇಡಿ, ಚುಚ್ಚುವ ಮಾತೇ ಬೇಡ. ಆಫ್ ಮಾಡಿ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಬ್ಯಾಗಿನೊಳಗಿನ ತವಾ

ಮುಚ್ಚಳ ಮುಚ್ಚಿದರೆ ಮಲಗಿತು ಅಂದುಕೊಳ್ಳುತ್ತೇವೆ. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿರುವ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ನಿದ್ದೆ ಕೋಳಿನಿದ್ದೆ. ನೆಟ್‌ವರ್ಕ್ ಸಂದೇಶಕ್ಕೋ ಅಪ್‌ಡೇಟಿಗೋ ಕಣ್ಣು ಬಿಡುತ್ತಲೇ ಇರುತ್ತದೆ. ಫೋನಿಗೆ ಅದು ಸರಿ, ನೂರು ವಾಟ್‌ನ ಮೆಷಿನ್ ಬ್ಯಾಗಿನೊಳಗೆ ಗಾಳಿಯಿಲ್ಲದೆ ಕಣ್ಣು ಬಿಟ್ಟರೆ ಒಳಗೇ ಬೇಯುತ್ತದೆ. ಪರಿಹಾರ ಹೈಬರ್ನೇಟ್, ಅಂದರೆ ತೆರೆದದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆಫ್ ಆಗುವುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬ ಪುಟ ತೆರೆದು ಬ್ಯಾಟರಿ, ಚಾರ್ಜರ್ ಎರಡೂ ಕಾಲಂನಲ್ಲಿ ಹೈಬರ್ನೇಟ್ ಕೊಡಿ. ಮೇಲೇಳಲು ಹತ್ತು ಹದಿನೈದು ಸೆಕೆಂಡು ಹೆಚ್ಚು ಬೇಕಾಗಬಹುದು. ಚಾರ್ಜರಿನ ಕಾಲಂ ಬಿಟ್ಟುಬಿಡುವವರೇ ಹೆಚ್ಚು. ಚಾರ್ಜರಿನಲ್ಲಿದ್ದಾಗ ಮುಚ್ಚಿ, ಆಮೇಲೆ ಕಿತ್ತು ಬ್ಯಾಗಿಗೆ ಹಾಕಿದರೆ ಬ್ಯಾಟರಿ ಕಾಲಂನ ಆಯ್ಕೆ ಲೆಕ್ಕಕ್ಕೆ ಬರುವುದಿಲ್ಲ.

ಗಾಳಿ, ದೂಳು

ಗಾಳಿ ಎಳೆಯುವುದು ತಳದಿಂದ, ಬಿಡುವುದು ಹಿಂದಿನಿಂದ ಇಲ್ಲವೇ ಪಕ್ಕದಿಂದ. ಹಾಸಿಗೆ, ದಿಂಬು, ತೊಡೆಯ ಮೇಲಿನ ಶಾಲು ಮೂರೂ ಉಸಿರು ಕಟ್ಟಿಸುತ್ತವೆ. ದುಬಾರಿ ಕೂಲಿಂಗ್ ಪ್ಯಾಡ್ ಕೊಳ್ಳುವ ಮೊದಲು ನೀರಿನ ಬಾಟಲಿಯ ಎರಡು ಮುಚ್ಚಳಗಳನ್ನು ಹಿಂಬದಿಯ ಮೂಲೆಗಳಡಿ ಇಟ್ಟು ಎತ್ತರಿಸಿ ನೋಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಮುಚ್ಚಳ ಮುಚ್ಚಿ ಹೊರಗಿನ ಮಾನಿಟರಿನಲ್ಲಿ ಆಟ ಆಡುವ ಅಭ್ಯಾಸ ಬಿಡಿ. ಬಿಸಿಗಾಳಿ ಮುಚ್ಚಳದ ಕೀಲಿನ ಸಂದಿಯಿಂದ ಹೊರಬರುವ ಮಾದರಿಗಳಲ್ಲಿ ಅದು ಪರದೆಗೇ ಬಡಿಯುತ್ತದೆ.

ಕೋಣೆಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಚಿಪ್ಪಿನದೂ ಅಷ್ಟೇ ಏರುತ್ತದೆ ಎಂಬುದು ಒರಟು ಲೆಕ್ಕ. ಡಿಸೆಂಬರಿನ ಮಡಿಕೇರಿಯಲ್ಲಿ 78 ಡಿಗ್ರಿಯಲ್ಲಿ ಆರಾಮವಾಗಿದ್ದ ಮೆಷಿನ್ ಏಪ್ರಿಲ್ಲಿನ ಕಲಬುರಗಿಯಲ್ಲಿ 95ಕ್ಕೆ ಮುಟ್ಟಿ ವೇಗ ಇಳಿಸಿಕೊಂಡರೆ ಅದು ಕೆಟ್ಟಿದೆ ಅಂತಲ್ಲ. ಪ್ರೊಸೆಸರುಗಳು ಸಾಮಾನ್ಯವಾಗಿ 95ರಿಂದ 100ರ ನಡುವೆ ತಮ್ಮನ್ನು ತಾವೇ ತಡೆದುಕೊಳ್ಳುತ್ತವೆ. ಆದರೆ ಅದೇ ಕೋಣೆ, ಅದೇ ಆಟ, ಆರು ತಿಂಗಳ ಹಿಂದಿಗಿಂತ ಹತ್ತು ಡಿಗ್ರಿ ಹೆಚ್ಚು ಅಂದರೆ ದೂಳು ತುಂಬಿದೆ.

ಬಿಚ್ಚುವ ಧೈರ್ಯ ಇದ್ದವರಿಗೆ ಕ್ರಮ ಹೀಗೆ:

1. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕೀಳಿ. ಬಿಳಿ ಹಾಳೆಯ ಮೇಲೆ ತಳದ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಅಂಟುಟೇಪಿನಿಂದ ಅಂಟಿಸಿ. ಉದ್ದ ಬೇರೆ ಬೇರೆ ಇರುತ್ತವೆ, ಉದ್ದದ್ದನ್ನು ಗಿಡ್ಡದ ಜಾಗಕ್ಕೆ ತಿರುಪಿದರೆ ಮೇಲಿನ ಮೈಯಲ್ಲಿ ಉಬ್ಬು ಏಳುತ್ತದೆ. ಕೆಲವು ಸ್ಕ್ರೂಗಳು ರಬ್ಬರ್ ಬಿರಡೆಯಡಿ ಅಡಗಿರುತ್ತವೆ.

2. ಜಿ14ರಂಥವುಗಳಲ್ಲಿ ಮುಂಭಾಗದ ಮೂಲೆಯ ಒಂದು ಸ್ಕ್ರೂ ಹೊರಗೆ ಬರುವುದೇ ಇಲ್ಲ, ತಿರುಗಿಸುತ್ತ ಹೋದಂತೆ ಅದೇ ಮುಚ್ಚಳವನ್ನು ಸ್ವಲ್ಪ ಎತ್ತಿಕೊಡುತ್ತದೆ. ಎಳೆದು ಕೀಳಲು ಹೋಗಬೇಡಿ. ಎದ್ದ ಸಂದಿಗೆ ಗಿಟಾರ್ ಪಿಕ್ ಇಲ್ಲವೇ ಹಳೆ ಎಟಿಎಂ ಕಾರ್ಡ್ ತೂರಿಸಿ ಸುತ್ತ ಸರಿಸಿ.

3. ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಇದನ್ನು ಮಾಡದೆ ಬೇರೆ ಯಾವುದನ್ನೂ ಮುಟ್ಟಬೇಡಿ.

4. ಫ್ಯಾನಿನ ಎಲೆಯನ್ನು ಹಲ್ಲುಕಡ್ಡಿಯಿಂದ ತಡೆಹಿಡಿದು ಗಾಳಿ ಕ್ಯಾನಿನಿಂದ ಚಿಕ್ಕ ಚಿಕ್ಕ ಊದು ಕೊಡಿ. ಬಿಟ್ಟು ಊದಿದರೆ ಫ್ಯಾನ್ ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ನಿಜವಾದ ಗುಡ್ಡೆ ಇರುವುದು ಫ್ಯಾನಿನ ಮೇಲಲ್ಲ, ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ, ಹತ್ತಿಯ ಪದರದ ಹಾಗೆ. ಹಿಂಬದಿಯ ಕಿಂಡಿಯಿಂದ ಒಳಮುಖವಾಗಿ ಊದಿ ಅದನ್ನು ಸಡಿಲಿಸಿ, ಚಿಮುಟದಿಂದ ಎಳೆದು ತೆಗೆಯಿರಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಪ್ಲಾಸ್ಟಿಕ್ ಮೂತಿ ಸ್ಥಿರವಿದ್ಯುತ್ ಹುಟ್ಟಿಸುತ್ತದೆ.

ಇಲ್ಲಿಗೆ ನಿಲ್ಲಿಸಿ. ಚಿಪ್ಪಿನ ಮೇಲೆ ಬಿಸಿ ಸಾಗಿಸಲು ಸವರಿರುವ ಪೇಸ್ಟ್ ಬದಲಿಸುವ ಆಸೆ ಇದ್ದರೆ ನಿಮ್ಮ ಮಾದರಿಯಲ್ಲಿ ಲಿಕ್ವಿಡ್ ಮೆಟಲ್ ಇದೆಯೇ ಅಂತ ಮೊದಲು ತಿಳಿದುಕೊಳ್ಳಿ. ಏಸಸ್‌ನ ಹಲವು ಮಾದರಿಗಳಲ್ಲಿ ಇದೆ. ಗ್ಯಾಲಿಯಂ ಬೆರೆತ ಆ ದ್ರವಲೋಹ ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಒಂದು ಹನಿ ಮದರ್‌ಬೋರ್ಡಿಗೆ ಜಾರಿದರೆ ಮುಗಿಯಿತು. ಸಾದಾ ಪೇಸ್ಟ್ ಇದ್ದರೆ ಅದರ ಬದಲು ಹನಿವೆಲ್‌ನ ಪಿಟಿಎಂ7950 ಹಾಳೆ ಹಾಕುವುದು ಜಾಣತನ. ಸುಮಾರು 45 ಡಿಗ್ರಿಯಲ್ಲಿ ಮೆದುವಾಗಿ ಕೂತುಕೊಳ್ಳುವ ಅದು ಪೇಸ್ಟಿನ ಹಾಗೆ ಅಂಚಿಗೆ ಹರಿದು ಒಣಗುವುದಿಲ್ಲ.

ಕೀಬೋರ್ಡಿನಲ್ಲಿ ಕನ್ನಡ

14 ಇಂಚಿನ ಮೈಯಲ್ಲಿ ನಂಬರ್ ಪ್ಯಾಡ್ ಇರುವುದಿಲ್ಲ, ಹೋಮ್, ಎಂಡ್ ಕೀಗಳು ಬಾಣದ ಕೀಗಳೊಳಗೆ ಅಡಗಿರುತ್ತವೆ. ಲೆಕ್ಕಪತ್ರ ಬರೆಯುವವರು ಐನೂರು ರೂಪಾಯಿಯ ಯುಎಸ್‌ಬಿ ನಂಬರ್ ಪ್ಯಾಡ್ ಇಟ್ಟುಕೊಳ್ಳಲಿ. ಕನ್ನಡ ಟೈಪಿಸಲು ವಿಂಡೋಸ್‌ನಲ್ಲೇ ಇನ್‌ಸ್ಕ್ರಿಪ್ಟ್ ಜೊತೆಗೆ, 2019ರಿಂದ ಇಂಗ್ಲಿಷ್ ಉಚ್ಚಾರದಂತೆ ಹೊಡೆಯುವ ಫೊನೆಟಿಕ್ ವಿನ್ಯಾಸವೂ ಇದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಒಂದು ದಿನ ಅದು ಬದಲಾಗುವುದೇ ನಿಂತುಹೋದರೆ ಭಾಷಾ ಸೆಟ್ಟಿಂಗ್ ಕೆದಕಿ ಮರುಸ್ಥಾಪನೆ ಮಾಡುವ ಮುನ್ನ ವಿನ್-ಲಾಕ್ ನೋಡಿ. ಆಟದ ನಡುವೆ ಕೈತಪ್ಪಿ ಸ್ಟಾರ್ಟ್ ಮೆನು ತೆರೆಯದಿರಲಿ ಅಂತ ಗೇಮಿಂಗ್ ಲ್ಯಾಪ್‌ಟಾಪುಗಳು ವಿಂಡೋಸ್ ಕೀಯನ್ನೇ ಸಾಯಿಸುವ ಸೌಲಭ್ಯ ಕೊಡುತ್ತವೆ. ಕೆಲವದರಲ್ಲಿ ಎಫ್‌ಎನ್ ಜೊತೆ ವಿಂಡೋಸ್ ಕೀ ಒತ್ತಿದರೆ, ಕೆಲವದರಲ್ಲಿ ಕಂಪನಿಯ ತಂತ್ರಾಂಶದೊಳಗೆ. ಅದು ಆನ್ ಆಗಿದ್ದರೆ ಕನ್ನಡಕ್ಕೆ ದಾರಿ ಬಂದ್.

ಮೆಮೊರಿ, ಡಿಸ್ಕ್, ಮತ್ತು 48 ಅಂಕಿ

ಹಳೆಯ ಜಿ14ರಲ್ಲಿ ಒಂದಷ್ಟು ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದ್ದು ಒಂದು ಸ್ಲಾಟ್ ಮಾತ್ರ ಇದೆ. 8 ಬೆಸುಗೆಯದಿದ್ದು 16ರ ಕಡ್ಡಿ ಹಾಕಿದರೆ 24 ಜಿಬಿ. ಮೊದಲ 16 ವೇಗದ ಜೋಡಿದಾರಿಯಲ್ಲಿ, ಉಳಿದ 8 ನಿಧಾನದ ಒಂಟಿದಾರಿಯಲ್ಲಿ ನಡೆಯುತ್ತವೆ. ದಿನಬಳಕೆಗೆ ತೊಂದರೆಯಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳುವುದಾದರೆ ಹಳೆ ಕಡ್ಡಿಯ ಲೇಬಲ್ಲಿನ ಫೋಟೊ ಒಯ್ಯಿರಿ, ಡಿಡಿಆರ್4ಗೂ ಡಿಡಿಆರ್5ಗೂ ಕಚ್ಚಿನ ಜಾಗವೇ ಬೇರೆ. 2024ರ ಜಿ14ರಲ್ಲಿ ಎಲ್ಲವೂ ಬೆಸುಗೆ, ಕೊಳ್ಳುವಾಗಲೇ 32 ತೆಗೆದುಕೊಳ್ಳುವುದು ಕ್ಷೇಮ.

ಕೊಳ್ಳುವ ಹೊತ್ತಿನ ಇನ್ನೊಂದು ಮಾತು ಇಲ್ಲೇ ಸೇರಿಸಿಬಿಡುತ್ತೇವೆ. ಗ್ರಾಫಿಕ್ಸಿನ ಹೆಸರು ನೋಡಿ ಮರುಳಾಗಬೇಡಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060ಕ್ಕೆ ಎನ್ವಿಡಿಯಾ ಇಟ್ಟಿರುವ ವ್ಯಾಪ್ತಿ 35ರಿಂದ 115 ವಾಟ್. ತೆಳು ಮೈಯದು ಸಾಮಾನ್ಯವಾಗಿ ದಪ್ಪನೆಯದಕ್ಕಿಂತ ಕೆಳಗಿರುತ್ತದೆ. ವಾಟ್ ಎಷ್ಟು ಅಂತ ಕೇಳಿ ಬರೆದುಕೊಂಡು ಹೋಲಿಸಿ.

ಡಿಸ್ಕ್ ಬದಲಿಸುವುದು ಐದು ನಿಮಿಷದ ಕೆಲಸ. ಎಂ.2 2280 ಅಳತೆಯದು, ಚಿಪ್ಪುಗಳು ಒಂದೇ ಬದಿಗಿರುವಂಥದ್ದನ್ನು ಆರಿಸಿ, ಎರಡೂ ಬದಿಯದು ತೆಳು ಮೈಯಲ್ಲಿ ಬಿಗಿಯಾಗಿ ಕೂತು ಬಿಸಿಯಾಗುತ್ತದೆ. ಆದರೆ ಡಿಸ್ಕ್‌ಗಾಗಲಿ, ಬಯಾಸ್ (ಕಂಪ್ಯೂಟರ್ ಎದ್ದೊಡನೆ ಮೊದಲು ನಡೆಯುವ ತಂತ್ರಾಂಶ) ಅಪ್‌ಡೇಟಿಗಾಗಲಿ ಕೈ ಹಾಕುವ ಮುನ್ನ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ಬಿದ್ದಿದೆಯೇ ಅಂತ ವಿಚಾರಿಸಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬೀಗ ನಿಮಗೆ ಗೊತ್ತಿಲ್ಲದೆಯೇ ಬಿದ್ದಿರುವುದುಂಟು. ಬಯಾಸ್ ಬದಲಾದದ್ದನ್ನು ಕಂಡು ಅದು ನೀಲಿ ಪರದೆಯಲ್ಲಿ 48 ಅಂಕಿಯ ಕೀ ಕೇಳುತ್ತದೆ, ಕೊಡದಿದ್ದರೆ ಒಳಗಿನ ಒಂದು ಕಡತವೂ ಸಿಗುವುದಿಲ್ಲ. ನಿಮ್ಮ ಖಾತೆಯ ಡಿವೈಸಸ್ ಪುಟದಲ್ಲಿ ಆ ಕೀ ಇರುತ್ತದೆ. ಇವತ್ತೇ ತೆರೆದು, ಆರಾರು ಅಂಕಿಯ ಎಂಟು ಗುಂಪುಗಳನ್ನೂ ಕಾಗದದ ಮೇಲೆ ಬರೆದು, ಲ್ಯಾಪ್‌ಟಾಪ್ ಬ್ಯಾಗನ್ನು ಬಿಟ್ಟು ಬೇರೆಲ್ಲಾದರೂ ಇಡಿ.